ಒಣಗದ ಕೈ

"ಕಣ್ಣಲ್ಲಿ ಅತ್ರೆ ಗಂಡಸ್ತನಕ್ಕೆ ಕಮ್ಮಿ ಅಂತ ಅಂಗೈಯಲ್ಲಿ ಅಳ್ತಿದೀಯೇನೋ?" ಎಂದ ಮೇಸ್ತ್ರಿ, ಅವನ ಮಣಿಕಟ್ಟು ಹಿಡಿದು ಅಂಗೈ ಎಲ್ಲರಿಗೂ ಕಾಣುವಂತೆ ಮೇಲಕ್ಕೆತ್ತಿ. "ನೋಡ್ಕೊಳ್ರಪ್ಪಾ, ಎಲ್ಲಾ ನೋಡ್ಕೊಳ್ಳಿ. ಇದು ಕೈಯಲ್ಲ, ನಲ್ಲಿ. ಮುದುಕನ ಎರಡು ಕಣ್ಣು ನುಂಗಿದ್ರೂ ಇದರ ದಾಹ ತೀರಿಲ್ಲ."

ಸಾಲಿನಲ್ಲಿದ್ದವರು ನಕ್ಕರು. ಒಬ್ಬ "ಬಿಂದಿಗೆ ತರ್ಲಾ ಮೇಸ್ತ್ರಿ?" ಎಂದ. ಮತ್ತೆ ನಕ್ಕರು. ನಗೆಯಲ್ಲೂ ಬಗೆ ಇರುತ್ತದೆಂದು ಅವನಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು: ಮೇಸ್ತ್ರಿಗೆ ಕೇಳಿಸಲೆಂದು ನಕ್ಕವರು, ಪಕ್ಕದವನು ನಕ್ಕನೆಂದು ನಕ್ಕವರು, ಸದ್ಯ ತನ್ನ ಕೈ ಅಲ್ಲವಲ್ಲ ಎಂದು ನಕ್ಕವರು. ಎಲ್ಲರದೂ ಮುಗಿದ ಮೇಲೆ ಒಂದು ನಗೆ ಉಳಿದುಕೊಂಡಿತು. ಅದು ಭಾವನದು, ಅಕ್ಕನ ಗಂಡನದು. ಭಾವ ಎಂದಿನಂತೆ ಕುಲುಮೆಯ ಕಡೆಯ ಇಟ್ಟಿಗೆ ಗೋಡೆಗೆ ಒರಗಿ, ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ. ಈ ಕೆಲಸ ಕೊಡಿಸಿದವನು ಅವನು. ಈ ಹೊಟ್ಟೆಗೆ ನಾಲ್ಕು ವರ್ಷದಿಂದ ಅನ್ನ ಹಾಕಿದವನು ಅವನು. ನಗಲಿ. ಆದರೆ ಅಷ್ಟು ಹೊತ್ತು ನಗಬೇಕಿತ್ತೇ?

ಎಂಟು ದಿನ ಬೀಗ ಬಿದ್ದಿದ್ದ ಪ್ಯಾಕಿಂಗ್ ಕೋಣೆ ತೆರೆಯುವುದು ಇವತ್ತೇ. ಒಳಗೆ ಕಾಲಿಡುವ ಮುನ್ನ ಪ್ರತಿಯೊಬ್ಬನೂ ಅಂಗೈ ಕೊಡಬೇಕು. ಮೇಸ್ತ್ರಿ ತನ್ನ ಕ್ಷೌರದ ಗುಂಡು ಕನ್ನಡಿಯನ್ನು ಅದಕ್ಕೆ ಒತ್ತಿ, ಹತ್ತು ಎಣಿಸಿ, ತೆಗೆದು ಬೆಳಕಿಗೆ ಹಿಡಿಯುತ್ತಾನೆ. ಕನ್ನಡಿ ಮಬ್ಬಾಗದಿದ್ದರೆ ಒಳಗೆ, ಮಬ್ಬಾದರೆ ಹೊರಗೆ. ಇದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ಮೇಸ್ತ್ರಿಯ ಮೇಸ್ತ್ರಿ ಕಲಿಸಿಹೋದದ್ದು. ಒಳಗಿರುವ ಪುಡಿ ಅಂಥದ್ದು. ಡಬ್ಬದ ಮೇಲೆ ಸೋಡಿಯಂ ಪೆರಾಕ್ಸೈಡ್ ಎಂದು ಬರೆದಿದ್ದರೂ ಕೆಲಸದವರು ಅದನ್ನು ಬರೀ 'ಹಳದಿ' ಎನ್ನುತ್ತಾರೆ. ನೋಡಲು ಪಾಪದ ಪುಡಿ, ಎಳೆಬಿಸಿಲಿನ ಬಣ್ಣ. ಹನಿ ನೀರು ಬಿದ್ದರೆ ಕುದಿಯುತ್ತದೆ. ನೀರಿನ ಜೊತೆ ಬಟ್ಟೆಯೋ ಕಾಗದವೋ ಮರದ ಹೊಟ್ಟೋ ಸಿಕ್ಕಿತೆಂದರೆ ಬೆಂಕಿಯೇ. ಅದಕ್ಕೇ ಒಳಗೆ ಹತ್ತಿ ಇಲ್ಲ, ಕಾಗದವಿಲ್ಲ, ಪೊರಕೆಯಿಲ್ಲ, ಕುಡಿಯುವ ನೀರಿನ ಲೋಟವಿಲ್ಲ. ಬೆಂಕಿ ಹತ್ತಿದರೆ ಸುರಿಯಲು ಮೂಲೆಮೂಲೆಯಲ್ಲಿ ಒಣ ಮರಳಿನ ಬಕೆಟ್ಟುಗಳು. ಇಂಥ ಕಡೆ ಅಂಗೈ ಬೆವರುವ ಮನುಷ್ಯನನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಪುಡಿ ತೂಗುವ ತಕ್ಕಡಿಯ ಮುದುಕ ಇಟ್ಟುಕೊಂಡಿದ್ದ. "ಬೆರಳ ತುದಿ ಮಾತ್ರ ಮಬ್ಬಾಗಿದೆ, ಬಿಡೋ ಮೇಸ್ತ್ರಿ, ಹ್ಯಾಗೂ ರಬ್ಬರ್ ಗ್ಲೌಸ್ ಹಾಕ್ತಾನಲ್ಲ," ಎಂದು ದಿನಾ ಅವನನ್ನು ಒಳಗೆ ಎಳೆದುಕೊಳ್ಳುತ್ತಿದ್ದದ್ದು ಆ ಮುದುಕನೇ.

ಇವತ್ತು ಕನ್ನಡಿಯಲ್ಲಿ ಬೆರಳ ತುದಿಯಲ್ಲ, ಇಡೀ ಕೈ ಮೂಡಿತ್ತು. ಐದು ಬೆರಳು, ಗೆರೆಗಳು, ಎಲ್ಲ. ಮಬ್ಬಿನ ಆ ಕೈಯ ಹಿಂದೆ ತನ್ನ ಮುಖವೂ ಒಂದಿಷ್ಟು ಕಂಡು ಅವನು ಕಣ್ಣು ಕೆಳಗೆ ಹಾಕಿದ.

"ಮನೆಗೆ ಹೋಗಿ ಹಗ್ಗದ ಮೇಲೆ ಒಣಗಿಹಾಕ್ಕೊಂಡು ಬಾ," ಎಂದ ಮೇಸ್ತ್ರಿ. "ಹನ್ನೊಂದಕ್ಕೆ ತನಿಖೆ ಸಾಹೇಬರು ಬರ್ತಾರೆ. ಹೇಳಿಕೆ ಬರೆದಿಟ್ಟಿದೆ, ಸಹಿ ಹಾಕೋದಷ್ಟೇ ನಿನ್ ಕೆಲಸ. ಆ ಬಿಳಿ ಬಟ್ಟೆ ನಂದೇ, ನಾನೇ ಕದ್ದುಮುಚ್ಚಿ ಒಳಗೆ ತಂದಿದ್ದೆ ಅಂತ. ಕಾಗದ ಒದ್ದೆ ಮಾಡ್ಬೇಡ ಮತ್ತೆ."

ಕಾಗದ ಒದ್ದೆ ಮಾಡಬೇಡ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದ್ದೂ ಇದೇ. ಗೇಟು ದಾಟಿ ರಸ್ತೆಗೆ ಬಿದ್ದವನು ಕೈಗಳನ್ನು ಪ್ಯಾಂಟಿಗೆ ಒರೆಸಿದ, ಮತ್ತೆ ಒರೆಸಿದ. ತೊಡೆಯ ಮೇಲೆ ಆ ಜಾಗದಲ್ಲಿ ಬಟ್ಟೆ ಬಣ್ಣ ಬಿಟ್ಟು ಎಷ್ಟೋ ಕಾಲವಾಗಿತ್ತು. ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ಅಂಗೈ ಊರಿದ ಕಡೆಯೆಲ್ಲ ಶಾಯಿ ಹರಡಿ, ಕಾಗದ ಮೆತ್ತಗಾಗಿ, ಕೊನೆಗೆ ಹರಿದೇ ಹೋಗಿತ್ತು. ಮೇಷ್ಟ್ರು ಅದನ್ನು ಸತ್ತ ಇಲಿಯನ್ನು ಬಾಲದಲ್ಲಿ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಕ್ಲಾಸಿಗೆಲ್ಲ ತೋರಿಸಿದ್ದರು. ಯಾರಪ್ಪಾ ಇವನು, ಪರೀಕ್ಷೆ ಬರೆದನೋ ಪಾತ್ರೆ ತೊಳೆದನೋ? ಅವತ್ತು ಬಿಟ್ಟ ಶಾಲೆಗೆ ಮತ್ತೆ ಹೋಗಲಿಲ್ಲ. ಉತ್ತರಗಳು ಸರಿಯಿದ್ದವು. ಅದನ್ನು ಯಾರಿಗೂ ಹೇಳಲಿಲ್ಲ, ಅಕ್ಕನಿಗೂ. ಹೇಳಿದ್ದರೆ ಏನಾಗುತ್ತಿತ್ತು? ಒದ್ದೆ ಕಾಗದದಲ್ಲಿ ಸರಿಯಿದ್ದರೇನು, ತಪ್ಪಿದ್ದರೇನು. ಲೋಕಕ್ಕೆ ಬೇಕಾದದ್ದು ಒಣ ಮನುಷ್ಯರು.

ಕಾರ್ಖಾನೆಯನ್ನು ಅವನು ಪ್ರೀತಿಸಿದ್ದ. ಈ ಮಾತನ್ನು ಅವನು ಯಾರ ಎದುರಿಗೂ ಆಡುವವನಲ್ಲ, ಕೇಳಿದವರು ತಲೆ ಕೆಟ್ಟಿದೆ ಎಂದಾರು. ಮೊದಲು ಬೆಳ್ಳಿಯಂಥ ಲೋಹದ ಗಟ್ಟಿ ಎಣ್ಣೆಯೊಳಗೆ ಮುಳುಗಿ ಬರುತ್ತದೆ. ಚಾಕುವಿಟ್ಟರೆ ಬೆಣ್ಣೆಯ ಹಾಗೆ ತುಂಡಾಗುತ್ತದೆ; ಕತ್ತರಿಸಿದ ಮುಖ ಒಂದು ಗಳಿಗೆ ಫಳ್ಳೆಂದು ಹೊಳೆದು, ನೋಡನೋಡುತ್ತಲೇ ಗಾಳಿಗೆ ಕಪ್ಪಿಡುತ್ತದೆ, ಮೆಚ್ಚಿದವರೆದುರೇ ಬಯ್ಯಿಸಿಕೊಂಡವನ ಮುಖದಂತೆ. ಎಣ್ಣೆ ತೆಗೆದು ಅದನ್ನು ಕರಗಿಸಿ, ತಿರುಗುವ ಉಕ್ಕಿನ ಉರುಳೆಗೆ ಬಿಟ್ಟು, ಅಳತೆಯ ಗಾಳಿ ಕೊಟ್ಟು ಅರೆ ಸುಡುತ್ತಾರೆ. ಬೂದು ಬಣ್ಣದ ಹೆಂಟೆಯಾಗುತ್ತದೆ. ಅದನ್ನು ಪುಡಿ ಮಾಡಿ ಎರಡನೇ ಉರುಳೆಗೆ ಹಾಕಿ, ತೇವವನ್ನೆಲ್ಲ ಹೀರಿ ತೆಗೆದ ಒಣ ಗಾಳಿಯನ್ನು ಗಂಟೆಗಟ್ಟಲೆ ಊದಿದರೆ ಬೂದು ಹೋಗಿ ಹಳದಿ ಬರುತ್ತದೆ. ಬೂದಿಯಂಥದ್ದು ಸುಟ್ಟಷ್ಟೂ ಬಣ್ಣ ಏರುವುದನ್ನು ಅವನು ಬೇರೆಲ್ಲೂ ನೋಡಿರಲಿಲ್ಲ. ಈ ಹಳದಿ ಎಲ್ಲಿಗೆ ಹೋಗುತ್ತದೆ ಅಜ್ಜಾ ಎಂದು ಒಮ್ಮೆ ಕೇಳಿದ್ದಕ್ಕೆ ಮುದುಕ ಅಂದಿದ್ದ: "ಬಟ್ಟೆ ಬಿಳುಪು ಮಾಡೋಕೆ ಹೋಗ್ತದೆ. ಇನ್ನೊಂದಿಷ್ಟು ಗಣಿಯೊಳಗೆ ಸಿಕ್ಕಿಬಿದ್ದವರಿಗೆ. ಡಬ್ಬಿಯೊಳಗಿಟ್ಟು ಮೂತಿಗೆ ಕಟ್ಕೋತಾರಂತೆ. ಮನುಷ್ಯನ ಉಸಿರಲ್ಲಿ ತೇವ ಇರ್ತದಲ್ಲ, ಅದು ತಾಗಿದ ಕೂಡ್ಲೆ ಇದು ಒಳ್ಳೇ ಗಾಳಿ ಬಿಡ್ತದೆ. ನಿನ್ ಕೈಗೆ ಅಲ್ಲಿ ಮರ್ಯಾದೆ ಕಣೋ, ಇಲ್ಲಿ ಹುಟ್ಟಿ ಕೆಟ್ಟೆ."

ಮುದುಕ ನಗಿಸುತ್ತಿದ್ದ. ಎಂಟು ದಿನದ ಹಿಂದೆ, ಹಗಲು ಹತ್ತೂವರೆಗೆ, ಮೂರನೇ ಡಬ್ಬ ತುಂಬುವಾಗಲೂ ಏನೋ ನಗೆಯ ಮಾತೇ ನಡೆದಿತ್ತು. ಡಬ್ಬದ ಈ ಬದಿಗೆ ಅವನು, ಆ ಬದಿಗೆ ಭಾವ, ಇಬ್ಬರೂ ಉದ್ದ ಹಿಡಿಯ ಉಕ್ಕಿನ ಮೊಗೆಯಲ್ಲಿ ಪುಡಿ ಸುರಿಯುತ್ತಿದ್ದರು. ಮುದುಕ ತಕ್ಕಡಿಯ ಮುಳ್ಳು ನೋಡುತ್ತಾ ಬಗ್ಗಿದ್ದ. "ಏನೋ ಬಿಳೀದು ಬಿತ್ತಲ್ಲೋ," ಎಂದ. ಅವನೂ ನೋಡಿದ. ಹಳದಿಯೊಳಗೆ ಜಾರುತ್ತಿರುವ ಬಿಳಿಯ ಮೂಲೆ, ಅದರ ಅಂಚಿಗೆ ನೀಲಿ ಹೊಲಿಗೆ. ಅದು ಅಕ್ಕನ ಹೊಲಿಗೆ. ಗ್ಲೌಸಿನೊಳಗೆ ಬೆವರು ತುಂಬಿ ಮಣಿಕಟ್ಟಿನಿಂದ ತೊಟ್ಟಿಕ್ಕುತ್ತದೆಂದು ಅವನು ಹೇಳಿಕೊಂಡು ಗೋಳಾಡಿದಾಗ ಅಕ್ಕ ಹಳೇ ದುಪ್ಪಟಿಯನ್ನು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಮೆತ್ತೆ ಹೊಲಿದುಕೊಟ್ಟಿದ್ದಳು. ಒಳಗೆ ಹತ್ತಿ ಬಟ್ಟೆ ಒಯ್ಯಬಾರದೆಂದು ಅವಳಿಗೇನು ಗೊತ್ತು? ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಗ್ಲೌಸಿನ ಬಾಯಿಗೆ ತುರುಕಿಕೊಂಡು ಹೋಗುತ್ತಿದ್ದ, ಒಂದು ತಿಂಗಳಿಂದ. ಮುದುಕ ಅದನ್ನು ಎತ್ತಲು ಇಕ್ಕಳ ಹಾಕಿದ. ಸುಯ್ಯೆಂದಿತು. ಆಮೇಲೆ ಸದ್ದೇ ಇಲ್ಲದ ಬಿಳಿ ಬೆಳಕು. ಮುದುಕನ ಕನ್ನಡಕ ಇದ್ದ ಕಡೆ ಬೆಳಕು, ಬಾಯಿ ಇದ್ದ ಕಡೆ ಬೆಳಕು. ಯಾರೋ ಮರಳು ಮರಳು ಎಂದು ಕೂಗಿದರು. ಅವನ ಕೈಯಲ್ಲಿ ಬಕೆಟ್ಟು ಇತ್ತು. ಅದು ಹೇಗೆ ಕೈಗೆ ಬಂತೋ, ಇತ್ತು. ಸುರಿಯಲಿಲ್ಲ. ಸುರಿಯುವ ಬದಲು ಬಕೆಟ್ಟಿನ ಹಿಡಿ ತಣ್ಣಗಿದೆಯೆಂದು ಯೋಚಿಸಿದ. ಅಷ್ಟು ಸಣ್ಣ ಯೋಚನೆ! ಕೊನೆಗೆ ಸುರಿದವನು ಮೇಸ್ತ್ರಿ. ಹೌದು, ಅದೇ ಮೇಸ್ತ್ರಿ.

ಆಸ್ಪತ್ರೆಗೆ ಒಮ್ಮೆ ಹೋಗಿದ್ದ. ತಲೆಯಿಂದ ಮೂಗಿನವರೆಗೆ ಬಟ್ಟೆ ಸುತ್ತಿದ್ದ ಮುದುಕ ಹೆಜ್ಜೆಯ ಸಪ್ಪಳದಲ್ಲೇ ಗುರುತು ಹಿಡಿದು, "ಬಂದ್ಯಾ ನಲ್ಲಿ? ಬಾ," ಎಂದ. ಕೈ ಚಾಚಿ ಅವನ ಕೈ ಹುಡುಕಿ, ಸಿಕ್ಕ ಅಂಗೈಯನ್ನು ಸುಡದೆ ಉಳಿದಿದ್ದ ಕುತ್ತಿಗೆಯ ಮೇಲೆ ಇಟ್ಟುಕೊಂಡ. "ತಣ್ಣಗಿದೆ. ತೆಗೀಬೇಡ ಕಣೋ, ಸ್ವಲ್ಪ ಹೊತ್ತು ಇರ್ಲಿ." ಹುಟ್ಟಿದಾಗಿನಿಂದ ಯಾರೂ ಅವನ ಕೈಯನ್ನು ತೆಗೆಯಬೇಡ ಎಂದಿರಲಿಲ್ಲ. ಅಜ್ಜಾ, ಬಿದ್ದದ್ದು ನನ್ನದು ಎನ್ನಲು ಬಾಯಿ ತೆರೆದ. ಮುದುಕ ನಿದ್ದೆ ಹೋಗಿದ್ದ, ಅಥವಾ ನಿದ್ದೆ ಹೋದಂತೆ ಮಾಡಿದ. ಅವನು ಕೈ ಬಿಡಿಸಿಕೊಂಡು ಕಳ್ಳನ ಹಾಗೆ ಹೊರಬಂದ.

ಮನೆ ಎಂದರೆ ಕಾರ್ಖಾನೆಯವರು ಭಾವನ ಹೆಸರಿಗೆ ಕೊಟ್ಟ ಎರಡು ಕೋಣೆ. ಮಕ್ಕಳು ಶಾಲೆಗೆ ಹೋಗಿದ್ದವು. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು; ಕಲ್ಲಿಗೆ ಬಡಿಯುವ ಸದ್ದು ಒಂದೇ ಲಯದಲ್ಲಿ ಬರುತ್ತಿತ್ತು. ಅವನು ಮಂಚದ ಕೆಳಗಿನ ತನ್ನ ತಗಡಿನ ಪೆಟ್ಟಿಗೆ ಎಳೆದ. ಬೆಂಕಿಯ ದಿನ ಓಡಿಬಂದು ಗ್ಲೌಸು ಕಿತ್ತೆಸೆದು, ಒಳಗಿದ್ದ ಒದ್ದೆ ಮುದ್ದೆಯನ್ನು ಬಿಡಿಸಿ ನೋಡದೆ ಇದರೊಳಗೆ ಒಗೆದು ಮುಚ್ಚಿದ್ದ. ನೋಡುವ ಧೈರ್ಯವಿರಲಿಲ್ಲ. ಅಕ್ಕ ಅವನಿಗೆ ಕೊಟ್ಟದ್ದು ಮೂರು ಜೊತೆ, ಆರು ಮೆತ್ತೆ. ಈಗ ಉಳಿದಿರಬೇಕಾದದ್ದು ಐದು. ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೆ ಎಣಿಸುವುದೇನು? ಐದನ್ನೂ ಸಾಹೇಬರ ಮುಂದಿಟ್ಟು, ಆರನೆಯದು ಮುದುಕನ ಕಣ್ಣಲ್ಲಿದೆ ಎನ್ನಬೇಕು. ಹಾಗೆ ಹೇಳುವಾಗ ಮೇಸ್ತ್ರಿಯ ಮುಖ ಹೇಗಾಗುತ್ತದೆಂದು ದಾರಿಯುದ್ದಕ್ಕೂ ಕಲ್ಪಿಸಿಕೊಂಡು ಬಂದಿದ್ದ. ತಪ್ಪೊಪ್ಪಿಗೆಯಲ್ಲೂ ಒಂದು ಜಂಬ! ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಮುದ್ದೆ ಒಣಗಿ ಹಪ್ಪಳದಂತೆ ಗಟ್ಟಿಯಾಗಿತ್ತು. ಬಿಡಿಸಿದ. ಎರಡು ಮೆತ್ತೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಉಳಿದ ಜೊತೆಗಳನ್ನು ಪಕ್ಕಕ್ಕಿಟ್ಟ. ಎಣಿಸಿದ. ಇನ್ನೊಮ್ಮೆ ಎಣಿಸಿದ. ಒಂದೊಂದನ್ನೂ ಬೆರಳಿನಿಂದ ಮುಟ್ಟಿ, ಗಟ್ಟಿಯಾಗಿ, ಒಂದನೇ ಕ್ಲಾಸಿನವನಂತೆ ಎಣಿಸಿದ. ಆರು.

ಸಂತೋಷವಾಗಬೇಕಿತ್ತು. ಎಂಟು ದಿನ ಹೊತ್ತಿದ್ದನ್ನು ಯಾರೋ ಹಿಂದಿನಿಂದ ಇಳಿಸಿದ್ದರು. ಆದರೆ ಹೊರೆಗೆ ಒಗ್ಗಿದ ಬೆನ್ನಿಗೆ ನೆಟ್ಟಗೆ ನಿಲ್ಲುವುದು ಮರೆತುಹೋಗಿತ್ತು. ಆರೂ ಇಲ್ಲಿದ್ದರೆ, ಆ ನೀಲಿ ಅಂಚು?

"ಅಕ್ಕಾ," ಎಂದ ಹಿತ್ತಲ ಬಾಗಿಲಲ್ಲಿ ನಿಂತು. "ಮೆತ್ತೆ ಒಟ್ಟು ಎಷ್ಟು ಹೊಲಿದಿದ್ದೆ?"

ಬಡಿಯುವ ಸದ್ದು ನಿಂತಿತು. ಅಕ್ಕ ತಿರುಗಲಿಲ್ಲ. "ಯಾಕೆ ಈಗ ಅದು?"

"ಎಷ್ಟು?"

"ಎಂಟು."

"ನನಗೆ ಕೊಟ್ಟಿದ್ದು ಆರು."

ಅಕ್ಕ ಕೈಯಲ್ಲಿದ್ದ ಅಂಗಿಯನ್ನು ಹಿಂಡತೊಡಗಿದಳು. ನೀರೆಲ್ಲ ಇಳಿದುಹೋದ ಮೇಲೂ ಹಿಂಡುತ್ತಲೇ ಇದ್ದಳು. ಅದು ಭಾವನ ಅಂಗಿ. "ಅವರ ಕೈಯೂ ನಿನ್ ಕೈ ಹಾಗೇನೇ ಕಣೋ," ಎಂದಳು ಮೆಲ್ಲಗೆ. "ಮದ್ವೆಯಾದ ದಿನವೇ ನಂಗೆ ಗೊತ್ತಾಯ್ತು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ನಿಂಗೆ ಹೊಲೀತಾ ಇರೋದು ನೋಡಿ, ನಂಗೂ ಒಂದು ಜೊತೆ ಇರ್ಲಿ ಅಂದ್ರು. ಮಗು ಕೇಳಿದ ಹಾಗೆ ಕೇಳಿದ್ರು."

ಆ ಗೋಡೆ. ಕುಲುಮೆಯ ಕಡೆಯ ಬಿಸಿ ಇಟ್ಟಿಗೆ ಗೋಡೆ. ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ, ಕನ್ನಡಿಯ ಸರದಿ ಬರುವವರೆಗೆ ಅದಕ್ಕೆ ಒರಗಿ, ಕೈಗಳನ್ನು ಬೆನ್ನ ಹಿಂದೆ ಇಟ್ಟು ನಿಲ್ಲುವ ಭಾವ. ಎಷ್ಟು ಠೀವಿ ಎಂದುಕೊಂಡಿದ್ದ ಅವನು. ತಾನೂ ಹಾಗೆ ನಿಲ್ಲಲು ಕಲಿಯಬೇಕು ಎಂದುಕೊಂಡಿದ್ದ. ಒಣಗಿಸಿಕೊಳ್ಳುತ್ತಿದ್ದ! ಅಂಗೈಗಳನ್ನು ಗೋಡೆಗೆ ಒತ್ತಿ, ಮುಖದಲ್ಲಿ ನಗೆ ಇಟ್ಟುಕೊಂಡು ಸುಟ್ಟುಕೊಳ್ಳುತ್ತಿದ್ದ. ಬೆನ್ನು ತಟ್ಟುವಾಗಲೂ ಕೈಯ ಹಿಂಬದಿಯಿಂದ ತಟ್ಟುತ್ತಿದ್ದ, ಮಕ್ಕಳ ಕೆನ್ನೆಯನ್ನೂ ಕೈಯ ಹಿಂಬದಿಯಿಂದಲೇ ಸವರುತ್ತಿದ್ದ. ಇವತ್ತಿನ ಆ ಉದ್ದ ನಗೆ. ಅದು ನಗೆಯೇ ಅಲ್ಲ.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದ.

"ಅವತ್ತೇ. ಒಂದೇ ಮೆತ್ತೆ ತಂದ್ರು. ಒಲೆಗೆ ಹಾಕಿದ್ರು."

"ಅವತ್ತೇ."

"ಬಟ್ಟೆ ಒಯ್ದವನ ಮೇಲೆ ಕೇಸು ಹಾಕ್ತಾರಂತೆ ಕಣೋ. ಅವರು ಹೋದ್ರೆ ಈ ಮನೆಯೂ ಹೋಯ್ತು. ಇಬ್ಬರು ಮಕ್ಕಳನ್ನ ಕಟ್ಕೊಂಡು ನಾನು ಎಲ್ಲಿಗೆ ಹೋಗ್ಲಿ? ನೀನಾದ್ರೆ ಒಂಟಿ ಜೀವ, ವಯಸ್ಸಿದೆ..." ಅಕ್ಕ ಈಗ ತಿರುಗಿದಳು. ಕಣ್ಣು ಕೆಂಪಗಿರಲಿಲ್ಲ; ಅದು ಅವನನ್ನು ಹೆಚ್ಚು ಹೆದರಿಸಿತು. "ಅವರೂ ಎಂಟು ದಿನದಿಂದ ಒಂದು ತುತ್ತು ಸರಿಯಾಗಿ ಉಂಡಿಲ್ಲ."

"ನಾನು ಉಂಡಿದ್ನಾ?"

ಅವ್ವ ಸತ್ತಾಗ ಅವನಿಗೆ ಮೂರು ವರ್ಷ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳು. ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ, ಶಾಲೆಯಿಂದ ಅಳುತ್ತಾ ಬಂದರೆ ಸೆರಗಿನಿಂದ ಮೊದಲು ಅಂಗೈ ಒರೆಸಿ ಆಮೇಲೆ ಕಣ್ಣು. ಈ ಎಂಟು ರಾತ್ರಿ ಅವನು ನಿದ್ದೆಯಿಲ್ಲದೆ ಹೊರಳುವುದನ್ನು ನೋಡಿದ್ದಾಳೆ. ತಟ್ಟೆಯ ಮುಂದೆ ಕೂತು ಎದ್ದುಹೋದದ್ದನ್ನು ನೋಡಿದ್ದಾಳೆ. ಒಂದೇ ಮಾತು, ನಿನ್ನದಲ್ಲ ಕಣೋ ಎನ್ನುವ ಒಂದೇ ಮಾತು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಅನ್ನ ಬಡಿಸಿದ್ದಾಳೆ. ಮುದುಕನನ್ನು ನುಂಗಿದ ಬೆಳಕಿಗೂ ಇಷ್ಟು ಬೆಚ್ಚಿರಲಿಲ್ಲ ಅವನು. ಆ ಬೆಳಕಿಗೆ ಕಾರಣವಿತ್ತು, ಒದ್ದೆ ಇತ್ತು, ಬಟ್ಟೆ ಇತ್ತು. ಇದು ಒಣಗಿದ ಕಡೆಯಿಂದ ಹತ್ತಿದ ಬೆಂಕಿ.

ಆರು ಮೆತ್ತೆಗಳನ್ನು ಜೇಬಿಗೆ ತುರುಕಿಕೊಂಡು ಹೊರಟ. ಅಕ್ಕ ಬಾಗಿಲವರೆಗೆ ಬಂದಳು. "ಏನು ಹೇಳ್ತೀಯೋ?" ಎಂದಳು.

ಪ್ಯಾಕಿಂಗ್ ಕೋಣೆಯ ಹೊರಗೆ, ಬೆಳಿಗ್ಗೆ ಸಾಲು ನಿಂತ ಜಾಗದಲ್ಲೇ ಮೇಜು ಹಾಕಿದ್ದರು. ತನಿಖೆಯ ಸಾಹೇಬರು ಚಿಕ್ಕ ಮನುಷ್ಯ, ಮೆತ್ತಗಿನ ದನಿ. ಸಾಕ್ಷಿಗೆಂದು ಎಲ್ಲರನ್ನೂ ಸುತ್ತ ನಿಲ್ಲಿಸಿದ್ದರು. ಭಾವ ಗೋಡೆಯ ಬಳಿ ಇದ್ದ. ಭಾವನತ್ತ ನೋಡಿದ ಅವನಿಗೆ ಈಗ ಗೋಡೆ ಬಿಟ್ಟು ಬೇರೇನೂ ಕಾಣಲಿಲ್ಲ.

"ಬಂತು ನೋಡಿ ಸಾರ್, ನಲ್ಲಿ," ಎಂದ ಮೇಸ್ತ್ರಿ. ಈ ಸಲ ನಗೆ ಅಷ್ಟು ಏಳಲಿಲ್ಲ.

ಸಾಹೇಬರು ಕಾಗದವನ್ನು ಅವನ ಕಡೆ ತಿರುಗಿಸಿದರು. "ಓದೋಕೆ ಬರುತ್ತೇನಪ್ಪ? ಓದಿ ನೋಡು. ಡಬ್ಬಕ್ಕೆ ಬಿದ್ದ ಬಟ್ಟೆ ನಿನ್ನದೇ ಅಂತ ಬರೆದಿದೆ. ನಿಜಾನಾ?"

ದಾರಿಯಲ್ಲಿ ಅವನು ಎರಡು ಉತ್ತರ ಕಟ್ಟಿಕೊಂಡು ಬಂದಿದ್ದ. ಒಂದು ಅಕ್ಕನಿಗಾಗಿ, ಇನ್ನೊಂದು ತನಗಾಗಿ. ಎರಡೂ ಗಂಟಲಿಗೆ ಒಟ್ಟಿಗೇ ಬಂದು ಕಿರುಬಾಗಿಲಲ್ಲಿ ಸಿಕ್ಕಿದ ಇಬ್ಬರು ದಪ್ಪ ಮನುಷ್ಯರಂತೆ ನಿಂತವು. ಮೂರನೆಯದೊಂದು ಇತ್ತು, ಮುದುಕನದು. ಅಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿದವನಿಗೆ ಯಾವ ಉತ್ತರ ಸಲ್ಲಬೇಕೋ ಅದನ್ನು ಯಾರೂ ಕೇಳುತ್ತಿರಲಿಲ್ಲ. ಅವನು ಜೇಬಿಗೆ ಕೈ ಹಾಕಿ ಮೆತ್ತೆಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಇಟ್ಟ. ನೀಲಿ ಅಂಚು ಮೇಲೆ ಬರುವಂತೆ.

"ಸಿಕ್ಕಿಬಿದ್ದ ಕಳ್ಳ!" ಎಂದು ಮೇಸ್ತ್ರಿ ಕೂಗಿದ. "ನಾನು ಹೇಳ್ಲಿಲ್ವಾ ಸಾರ್? ಬಟ್ಟೆ ಅಂಗಡಿಯನ್ನೇ ಒಳಗೆ ಒಯ್ತಾ ಇದ್ದ!"

ಸಾಹೇಬರು ಕನ್ನಡಕ ಹಣೆಗೇರಿಸಿ, ಮೆತ್ತೆಗಳನ್ನು ಪೆನ್ನಿನ ತುದಿಯಿಂದ ಎರಡೆರಡಾಗಿ ಸರಿಸಿದರು. "ಮೂರು ಜೊತೆ," ಎಂದರು. "ಯಾವ ಜೊತೆಯೂ ಒಡೆದಿಲ್ಲ. ಹಾಗಾದ್ರೆ ಬಿದ್ದದ್ದು ಯಾರ್ದು? ಕೈಹೊಲಿಗೆ ಇದು, ಮನೇಲಿ ಇನ್ಯಾರಿಗೆ ಹೊಲಿದುಕೊಟ್ಟಿದ್ರು?"

ಗೋಡೆಯ ಕಡೆಯಿಂದ ಭಾವ ಬಂದ. ಯಾರೂ ಕರೆದಿರಲಿಲ್ಲ, ಬಂದ. ಮೆತ್ತೆಗಳ ಮೇಲೆ ಬಗ್ಗಿದ; ತುಟಿಗಳು ಅಲ್ಲಾಡುತ್ತಿದ್ದವು, ಎಣಿಸುತ್ತಿದ್ದ. ಬಗ್ಗಿದವನಿಗೆ ಆಸರೆ ಬೇಕಿತ್ತೇನೋ, ಒಂದು ಕೈಯನ್ನು ಮೇಜಿನ ಮೇಲೆ, ಬರೆದಿಟ್ಟ ಹೇಳಿಕೆಯ ಮೇಲೆ ಊರಿದ. ಆಮೇಲೆ ತಲೆಯೆತ್ತಿ, ಸಾಹೇಬರಿದ್ದಾರೆ, ಮೇಸ್ತ್ರಿಯಿದ್ದಾನೆ, ಇಡೀ ಸಾಲು ಇದೆ ಎನ್ನುವುದೇ ಮರೆತವನಂತೆ, ಮನೆಯ ಅಡುಗೆ ಕೋಣೆಯಲ್ಲಿ ಕೇಳುವ ದನಿಯಲ್ಲಿ ಕೇಳಿದ:

"ನಿಮ್ಮಕ್ಕ ಏನಂದ್ಲೋ?"

ಭಾವ ಕೈ ತೆಗೆದ ಕಡೆ ಕಾಗದದ ಮೇಲೆ ಐದು ಬೆರಳು ಒದ್ದೆಯಾಗಿ ಮೂಡಿದ್ದವು. ಶಾಯಿ ಆಗಲೇ ಹರಡಲು ತೊಡಗಿತ್ತು. ಸಾಹೇಬರು ಅದನ್ನು ನೋಡುತ್ತಿದ್ದರು. ಮೇಸ್ತ್ರಿ ಕನ್ನಡಿ ಹಿಡಿದ ಕೈಯನ್ನು ಕೆಳಗಿಳಿಸಿದ.

ಅವನು ತಿರುಗಿ ನಡೆದ. "ಏಯ್, ನಿಲ್ಲಯ್ಯಾ, ಹೇಳಿ ಹೋಗು," ಎಂದು ಸಾಹೇಬರು ಕರೆದರು. "ಲೇ, ನಿಮ್ಮಕ್ಕ ಏನಂದ್ಲು ಹೇಳೋ," ಎಂದು ಭಾವ ಮತ್ತೊಮ್ಮೆ, ಈ ಸಲ ಬೇಡುವವನಂತೆ. ಮರಳಿನ ಬಕೆಟ್ಟುಗಳ ಪಕ್ಕದಿಂದ, ಬೆಳಿಗ್ಗೆ ನಕ್ಕಿದ್ದ ಸಾಲಿನ ಮುಂದಿನಿಂದ, ಗೇಟಿನಿಂದ ಆಸ್ಪತ್ರೆಯ ಕಡೆ ಹೋಗುವ ರಸ್ತೆಗೆ ಅವನು ನಡೆದ. ಎರಡೂ ಅಂಗೈ ಬೆವರಿ ಬೆರಳ ತುದಿಯಿಂದ ಹನಿ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.